ಬಿಲ್ಲಿಗೆ ತಕ್ಕ ಬಾಣ: ಶಾಮಾಶಾಸ್ತ್ರಿಗಳು ತೆರೆದ ಆಯುಧಾಗಾರ

ಮೈಸೂರು: ಕೌಟಿಲ್ಯನ ಅರ್ಥಶಾಸ್ತ್ರವೆಂದರೆ ತೆರಿಗೆ, ಗೂಢಚಾರಿಕೆ, ಸಂಧಿ-ವಿಗ್ರಹಗಳ ಗ್ರಂಥವೆಂಬುದು ಸಾಮಾನ್ಯ ತಿಳಿವಳಿಕೆ. ಅದರ ಎರಡನೆಯ ಅಧಿಕರಣದ 18ನೆಯ ಅಧ್ಯಾಯದವರೆಗೆ ಹೋದ ಓದುಗರು ಕಡಿಮೆ. ರಾಜನ ಆಯುಧಾಗಾರವನ್ನು ನೋಡಿಕೊಳ್ಳುವ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಆ ಅಧ್ಯಾಯದಲ್ಲಿ ಬಿಲ್ಲು ಯಾವ ಮರದ್ದು, ಹೆದೆ ಯಾವ ನಾರಿನದು, ಬಾಣಗಳಲ್ಲಿ ಎಷ್ಟು ಬಗೆ, ಅವುಗಳ ಅಲಗು ಯಾವ ವಸ್ತುವಿನದು ಎಂಬ ಪಟ್ಟಿಗಳಿವೆ. ಮೇಲುನೋಟಕ್ಕೆ ಅದು ಉಗ್ರಾಣದ ಲೆಕ್ಕದ ಪುಸ್ತಕದಂತೆ ಕಾಣುತ್ತದೆ. ಬಿಲ್ಲುಗಾರನ ಕಣ್ಣಿಗೆ ಮಾತ್ರ ಅದು ಬೇರೆಯಾಗಿಯೇ ಕಾಣುತ್ತದೆ. ಬಿಲ್ಲಿನ ಸೆಳೆತಕ್ಕೆ ಕಣೆಯ ಬಿರುಸು ಹೊಂದದಿದ್ದರೆ ಎಷ್ಟೇ ಗುರಿ ಹಿಡಿದರೂ ಬಾಣ ಪಕ್ಕಕ್ಕೆ ಸರಿಯುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠ.

ಈ ಪಟ್ಟಿಯನ್ನು ತಾಳೆಗರಿಯಿಂದ ಎತ್ತಿ ಅಚ್ಚಿನಲ್ಲಿ ವಿದ್ವತ್ ಲೋಕದ ಮುಂದಿಟ್ಟವರು ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. ಅರ್ಥಶಾಸ್ತ್ರವನ್ನು ಕಂಡುಹಿಡಿದವರೆಂದು ಅವರ ಹೆಸರು ದೇಶವಿದೇಶಗಳಲ್ಲಿ ಪ್ರಸಿದ್ಧ. ಆ ಪ್ರಸಿದ್ಧಿಯ ಹಿಂದಿದ್ದ ದುಡಿಮೆ ಎಂಥದು, ಅದರಲ್ಲಿ ಎಷ್ಟು ಅಪಾಯವಿತ್ತು ಎಂಬುದನ್ನು ತಿಳಿಯಲು ಆಯುಧಾಗಾರದ ಆ ಕೆಲವು ಸಾಲುಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ರುದ್ರಪಟ್ಟಣದಿಂದ ಮೈಸೂರಿಗೆ

ಶಾಮಾಶಾಸ್ತ್ರಿಗಳು ಹುಟ್ಟಿದ್ದು 1868ರ ಜನವರಿ 12ರಂದು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ ರುದ್ರಪಟ್ಟಣ ಕಾವೇರಿ ದಡದ ಊರು. ಸಂಕೇತಿ ಬ್ರಾಹ್ಮಣರ ಈ ನೆಲೆ ಇಂದು ಹೆಚ್ಚಾಗಿ ಹೆಸರಾಗಿರುವುದು ಕರ್ನಾಟಕ ಸಂಗೀತಕ್ಕೆ. ಅಲ್ಲಿನ ಮನೆಗಳಲ್ಲಿ ವೇದಪಾಠವೂ ಸಂಗೀತದಷ್ಟೇ ಸಹಜವಾಗಿತ್ತು. ಬಾಲ್ಯದ ವಿದ್ಯಾಭ್ಯಾಸ ಊರಿನಲ್ಲಿ ಮುಗಿಸಿದ ಶಾಸ್ತ್ರಿಗಳು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ ಪದವಿ ಪಡೆದರು. ಅಲ್ಲಿಗೆ ನಿಲ್ಲದೆ ಇಂಗ್ಲಿಷ್ ವಿದ್ಯಾಭ್ಯಾಸವನ್ನೂ ಕೈಗೊಂಡು 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವೀಧರರಾದರು.

ಆ ಕಾಲಕ್ಕೆ ಈ ಎರಡು ದಾರಿಗಳು ಒಬ್ಬರಲ್ಲೇ ಸೇರುವುದು ಅಪರೂಪ. ಪಾಠಶಾಲೆಯ ಪಂಡಿತರಿಗೆ ಯೂರೋಪಿನ ಸಂಶೋಧನ ಪತ್ರಿಕೆಗಳ ಪರಿಚಯವಿರಲಿಲ್ಲ; ಪದವೀಧರರಿಗೆ ಓಲೆಗರಿಯ ಲಿಪಿ ಓದುವ ಅಭ್ಯಾಸವಿರಲಿಲ್ಲ. ಶಾಸ್ತ್ರಿಗಳಿಗೆ ಎರಡೂ ಒದಗಿತ್ತು. ಅವರ ಯೋಗ್ಯತೆಯನ್ನು ಗುರುತಿಸಿದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸ ದೊರೆಯುವಂತೆ ಮಾಡಿದರು.

ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ 1891ರಲ್ಲಿ ಸ್ಥಾಪನೆಯಾದ ಈ ಗ್ರಂಥಾಲಯ ಆಗ ಹೊಸದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗಾಗಿ 1887ರಲ್ಲಿ ಕೈಗೊಂಡ ಜ್ಯೂಬಿಲಿ ಕಟ್ಟಡ ಅದರ ನೆಲೆ. ಸಂಸ್ಥಾನದ ಒಳಗಿನಿಂದಲೂ ಹೊರಗಿನಿಂದಲೂ ಓಲೆಗರಿಯ ಕಟ್ಟುಗಳು ಅಲ್ಲಿಗೆ ಬರುತ್ತಿದ್ದವು. ಅವುಗಳನ್ನು ಬಿಚ್ಚಿ, ಲಿಪಿ ಗುರುತಿಸಿ, ಯಾವ ಗ್ರಂಥವೆಂದು ತಿಳಿದು ಪಟ್ಟಿಗೆ ಸೇರಿಸುವುದು ನಿತ್ಯದ ಕೆಲಸ. ಸದ್ದುಗದ್ದಲವಿಲ್ಲದ, ಯಾರ ಕಣ್ಣಿಗೂ ಬೀಳದ ಉದ್ಯೋಗವದು.

ತಂಜಾವೂರಿನಿಂದ ಬಂದ ಕಟ್ಟು

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಾಲಯಕ್ಕೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗರಿಗಳ ಕಟ್ಟೊಂದು ಶಾಸ್ತ್ರಿಗಳ ಕೈಸೇರಿತು. ಪಂಡಿತರ ಬಗ್ಗೆ ಪ್ರಚಲಿತವಾಗಿರುವ ವಿವರ ಇಷ್ಟೇ. ಕೊಟ್ಟವರ ಹೆಸರು ಮರೆಯಾಗಿ ಕೊಟ್ಟದ್ದು ಮಾತ್ರ ಜಗತ್ಪ್ರಸಿದ್ಧವಾದ ಉದಾಹರಣೆಗಳಲ್ಲಿ ಇದೂ ಒಂದು. ಆ ಕಟ್ಟಿನಲ್ಲಿದ್ದದ್ದು 15 ಅಧಿಕರಣ, 150 ಅಧ್ಯಾಯಗಳ ಅರ್ಥಶಾಸ್ತ್ರ. ಜೊತೆಗೆ ಭಟ್ಟಸ್ವಾಮಿ ಎಂಬ ವ್ಯಾಖ್ಯಾನಕಾರನ ಟೀಕೆಯ ಒಂದು ತುಂಡು.

ಅರ್ಥಶಾಸ್ತ್ರದ ಹೆಸರು ಯಾರಿಗೂ ಅಪರಿಚಿತವಾಗಿರಲಿಲ್ಲ. ದಂಡಿಯ ದಶಕುಮಾರಚರಿತೆ ಅದನ್ನು ಹೆಸರಿಸುತ್ತದೆ. ಬಾಣಭಟ್ಟ ಕಾದಂಬರಿಯಲ್ಲಿ ಅದನ್ನು ಹಳಿಯುತ್ತಾನೆ. ಕಾಮಂದಕನ ನೀತಿಸಾರ ಅದರ ಋಣವನ್ನು ಒಪ್ಪಿಕೊಳ್ಳುತ್ತದೆ. ಆದರೆ ಮೂಲಗ್ರಂಥವನ್ನು ಪೂರ್ತಿಯಾಗಿ ಕಂಡ ವಿದ್ವಾಂಸರಿರಲಿಲ್ಲ. ಹೊಗಳಿಕೆ ತೆಗಳಿಕೆಗಳೆರಡೂ ಉಳಿದು, ಹೊಗಳಿಸಿಕೊಂಡ ಪುಸ್ತಕವೇ ಕಾಣೆಯಾಗಿತ್ತು. ಕಟ್ಟಿನಲ್ಲಿರುವುದು ಅದೇ ಎಂಬುದನ್ನು ಶಾಸ್ತ್ರಿಗಳು ಗುರುತಿಸಿದರು. 1905ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಚಾಣಕ್ಯನ ಭೂಮಿ ಮತ್ತು ಕಂದಾಯ ನೀತಿಯ ಕುರಿತು ಬರೆದು ಸುದ್ದಿಯನ್ನು ಹೊರಗೆಡಹಿದರು. ಅನಂತರ ಅದೇ ಪತ್ರಿಕೆಯಲ್ಲೂ ಮೈಸೂರ್ ರಿವ್ಯೂ ಪತ್ರಿಕೆಯಲ್ಲೂ ಅನುವಾದವನ್ನು ಕಂತುಗಳಲ್ಲಿ ಪ್ರಕಟಿಸುತ್ತ ಬಂದರು. ಸಂಸ್ಕೃತ ಮೂಲ 1909ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಇಂಗ್ಲಿಷ್ ಅನುವಾದ 1915ರಲ್ಲಿ ಪುಸ್ತಕವಾಗಿ ಬಂದಾಗ ಅದಕ್ಕೆ ಪ್ರವೇಶ ಬರೆದವರು ಕನ್ನಡ ನಾಡಿನ ರಾಜವಂಶಗಳ ಇತಿಹಾಸ ಬರೆದ ಜೆ.ಎಫ್. ಫ್ಲೀಟ್.

ಇಲ್ಲಿಯೇ ಅಪಾಯವೂ ಇತ್ತು. ಹೋಲಿಸಿ ನೋಡಲು ಬೇರೆ ಪ್ರತಿಗಳಿಲ್ಲದೆ ಒಂದೇ ಪ್ರತಿಯನ್ನು ನಂಬಿ ಸಂಪಾದನೆ ಮಾಡುವವರಿಗೆ ಲಿಪಿಕಾರನ ಕೈತಪ್ಪು ಯಾವುದು, ಗ್ರಂಥಕಾರನ ವಿಲಕ್ಷಣ ಪದ ಯಾವುದು ಎಂದು ಬೇರ್ಪಡಿಸುವ ದಾರಿಯಿಲ್ಲ. ರಾಜನೀತಿಯ ಮಾತುಗಳಿಗಾದರೆ ಸ್ಮೃತಿಗಳ, ಮಹಾಭಾರತದ ಆಧಾರ ಸಿಗುತ್ತದೆ. ಗಣಿ, ಕಾಡು, ನೇಯ್ಗೆ, ಆಯುಧಗಳ ಮಾತು ಬಂದಾಗ ಆ ಆಧಾರವೂ ಕೈಕೊಡುತ್ತದೆ. ಕಸುಬಿನವರ ಮಾತು ಕಸುಬಿನ ಜೊತೆಗೇ ಸಾಯುತ್ತದೆ. ಕೋಶಗಳು ಅದನ್ನು ಅರ್ಧಂಬರ್ಧ ಹಿಡಿದಿಟ್ಟಿರುತ್ತವೆ. ಶಾಸ್ತ್ರಿಗಳ ಅದೃಷ್ಟಕ್ಕೆ ಭಟ್ಟಸ್ವಾಮಿಯ ಟೀಕೆಯ ಉಳಿದ ಭಾಗ ಎರಡನೆಯ ಅಧಿಕರಣದ್ದಾಗಿತ್ತು, ಅಂದರೆ ಆಯುಧಾಗಾರದ ಅಧ್ಯಾಯ ಬರುವ ಭಾಗವೇ. ಆ ಅಧ್ಯಾಯದ ಯಂತ್ರಗಳಿಗೆ ಅನುವಾದದ ಅಡಿಟಿಪ್ಪಣಿಗಳಲ್ಲಿ ಕಾಣುವ ವಿವರಣೆಗಳಿಗೆ ಈ ಟೀಕೆ ನೆರವಾಯಿತು.

ಪಟ್ಟಿಯಲ್ಲಿ ಏನಿದೆ

ಕೌಟಿಲ್ಯನ ಪ್ರಕಾರ ಬಿಲ್ಲಿಗೆ ನಾಲ್ಕು ವಸ್ತುಗಳು: ತಾಳೆ, ಚಾಪವೆಂಬ ಬಿದಿರು, ಮರ ಮತ್ತು ಕೊಂಬು. ಅವುಗಳಿಗೆ ಕ್ರಮವಾಗಿ ಕಾರ್ಮುಕ, ಕೋದಂಡ, ದ್ರೂಣ, ಧನುಸ್ಸು ಎಂಬ ಹೆಸರುಗಳು. ಕಾವ್ಯದಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಿ ನಮಗೆ ರೂಢಿಯಾಗಿರುವ ಈ ಪದಗಳು ಆಯುಧಾಗಾರದಲ್ಲಿ ಬೇರೆ ಬೇರೆ ವಸ್ತುಗಳ ಹೆಸರುಗಳೆಂಬುದು ಗಮನಾರ್ಹ. ಹೆದೆಗೆ ಆರು ಬಗೆ: ಮೂರ್ವಾ ಎಂಬ ನಾರಿನ ಗಿಡ, ಎಕ್ಕ, ಸೆಣಬು, ಗವೇಧು ಎಂಬ ಹುಲ್ಲು, ಬಿದಿರಿನ ನಾರು, ಪ್ರಾಣಿಯ ನರ. ಬಾಣಗಳಿಗೆ ಐದು: ವೇಣು, ಶರ, ಶಲಾಕಾ, ದಂಡಾಸನ, ನಾರಾಚ. ಅಲಗುಗಳು ಕಬ್ಬಿಣದವು, ಮೂಳೆಯವು, ಮರದವು.

ಶಾಸ್ತ್ರಿಗಳು ಈ ಸಾಲುಗಳನ್ನು ಅನುವಾದಿಸಿದ ಕ್ರಮವನ್ನು ನೋಡಬೇಕು. ಬಿಲ್ಲಿನ ವಸ್ತುಗಳಿಗೆ ಅರ್ಥ ಕೊಟ್ಟರು. ಹೆದೆಯ ನಾರುಗಳಿಗೆ ಸಾಧ್ಯವಿದ್ದೆಡೆ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರನ್ನೇ ಸೇರಿಸಿದರು. ಎಕ್ಕಕ್ಕೆ ಕ್ಯಾಲೊಟ್ರೋಪಿಸ್ ಜೈಜಾಂಟಿಯಾ ಎಂದು ಗುರುತಿಸಿದರು. ಬಾಣಗಳ ಸಾಲಿಗೆ ಬಂದಾಗ ಐದು ಹೆಸರುಗಳನ್ನು ಇದ್ದಂತೆಯೇ ಬಿಟ್ಟು, ಇವು ಬಾಣದ ಬೇರೆ ಬೇರೆ ಬಗೆಗಳು ಎಂದಷ್ಟೇ ಹೇಳಿದರು. ವೇಣು ಬಿದಿರೆಂದು, ಶರ ಜೊಂಡಿನ ಜಾತಿಯೆಂದು, ನಾರಾಚ ಕಬ್ಬಿಣದ ಬಾಣವೆಂದು ಅವರಿಗೆ ತಿಳಿಯದಿರಲಿಲ್ಲ. ಶಲಾಕಾ ಮತ್ತು ದಂಡಾಸನ ಅಷ್ಟು ಸುಲಭವಲ್ಲ. ಐದರಲ್ಲಿ ಮೂರಕ್ಕೆ ಅರ್ಥ ಬರೆದು ಎರಡಕ್ಕೆ ಊಹೆ ಬರೆಯುವುದಕ್ಕಿಂತ ಸಾಲನ್ನು ಇಡಿಯಾಗಿ ಮುಂದಿನವರಿಗೆ ಒಪ್ಪಿಸುವುದು ಮೇಲು. ಅನುವಾದಕರು ಸಾಮಾನ್ಯವಾಗಿ ತೋರದ ಸಂಯಮವಿದು.

ಕಣೆಯ ಬಳುಕು

ಬಾಣವನ್ನು ಅದರ ಕಣೆಯಿಂದಲೇ ವಿಂಗಡಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಬಿಲ್ಲುಗಾರಿಕೆಯಲ್ಲಿದೆ. ಹಳೆಯ ಮಾದರಿಯ ಮರದ ಬಿಲ್ಲಿನಲ್ಲಿ ಬಾಣ ಬಿಲ್ಲಿನ ನಡುವೆ ತೂರಿ ಹೋಗುವುದಿಲ್ಲ. ಪಕ್ಕದಲ್ಲಿ ಒರಗಿ ಹೋಗುತ್ತದೆ. ಹೆದೆ ಮಾತ್ರ ನಡುವಿನ ಕಡೆಗೇ ಧಾವಿಸುತ್ತದೆ. ಹಾಗಾಗಿ ಬಿಟ್ಟ ಕ್ಷಣದಲ್ಲಿ ಬಾಣದ ಮೊನೆ ಗುರಿಯಿಂದ ಸ್ವಲ್ಪ ಪಕ್ಕಕ್ಕೆ ತಿರುಗಿರುತ್ತದೆ. ಹಿಂದಿನಿಂದ ಬಿದ್ದ ಹೊಡೆತಕ್ಕೆ ಕಣೆ ಬಳುಕಿ, ಬಿಲ್ಲಿನ ಮೈಯನ್ನು ಬಳಸಿಕೊಂಡು ಹೋಗಿ, ಹಾವಿನಂತೆ ಒಂದೆರಡು ಬಾರಿ ಅತ್ತಿತ್ತ ಆಡಿ, ಆಮೇಲೆ ನೇರವಾಗುತ್ತದೆ. ಕಣ್ಣಿಗೆ ಕಾಣದ ಈ ಆಟವನ್ನು 1930ರ ದಶಕದಲ್ಲಿ ಅಮೆರಿಕದ ಸಿ.ಎನ್. ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದರು.

ಬಳುಕು ಬಿಲ್ಲಿನ ಬಲಕ್ಕೆ ತಕ್ಕಷ್ಟೇ ಇರಬೇಕು. ಕಣೆ ತೀರ ಬಿರುಸಾದರೆ ಬಳುಕದೆ ಬಿಲ್ಲಿನ ಮೈಗೆ ತಾಗಿ ಒಂದು ಪಕ್ಕಕ್ಕೆ ಜಾರುತ್ತದೆ. ತೀರ ಮೆದುವಾದರೆ ಅತಿಯಾಗಿ ಬಳುಕಿ ಎದುರು ಪಕ್ಕಕ್ಕೆ ಹೋಗುತ್ತದೆ, ಕೆಲವೊಮ್ಮೆ ಮುರಿದೂ ಹೋಗುತ್ತದೆ. ಈಗಿನವರು ಇದನ್ನು ಅಳೆಯುವ ವಿಧಾನ ಸರಳ. 26 ಅಂಗುಲ ಅಂತರದ ಎರಡು ಆಸರೆಗಳ ಮೇಲೆ ಮರದ ಕಣೆಯನ್ನಿಟ್ಟು, ನಡುವೆ 2 ಪೌಂಡಿನ ತೂಕ ತೂಗಿಹಾಕಿ, ಎಷ್ಟು ಬಾಗಿತೆಂದು ನೋಡುತ್ತಾರೆ. ಬಾಗಿದ ಅಂಗುಲದಿಂದ 26ನ್ನು ಭಾಗಿಸಿದರೆ ಕಣೆ ಎಷ್ಟು ಪೌಂಡು ಸೆಳೆತದ ಬಿಲ್ಲಿಗೆ ಹೊಂದುತ್ತದೆಂಬ ಅಂದಾಜು ದೊರೆಯುತ್ತದೆ. ಅರ್ಧ ಅಂಗುಲ ಬಾಗುವ ಕಣೆ 52 ಪೌಂಡಿನ ಬಿಲ್ಲಿಗೆ ಸರಿ.

ಇದರ ಮೇಲೆ ಇನ್ನೂ ಎರಡು ಲೆಕ್ಕಗಳಿವೆ. ಬಾಣ ಉದ್ದವಾದಷ್ಟೂ ಅದು ಮೆದುವಾದಂತೆ ವರ್ತಿಸುತ್ತದೆ. ಪ್ರತಿ ಅಂಗುಲಕ್ಕೆ ಸುಮಾರು 5 ಪೌಂಡಿನಷ್ಟು ಹೆಚ್ಚು ಬಿರುಸಾದ ಕಣೆ ಬೇಕೆಂಬುದು ರೂಢಿಯ ಸೂತ್ರ. ಅಲಗು ಭಾರವಾದರೂ ಹಾಗೆಯೇ. ಮೂಳೆಯ ಅಲಗಿಗೆ ಹೊಂದಿಸಿದ ಕಣೆಗೆ ಕಬ್ಬಿಣದ ಭಾರಿ ಅಲಗು ಕೂರಿಸಿದರೆ ಅದೇ ಬಾಣ ಬೇರೆಡೆಗೆ ಹೋಗುತ್ತದೆ. ಕಸುಬುದಾರನ ಕೈಯಲ್ಲಿ ಇರುವುದು ದಪ್ಪ ಮತ್ತು ಜಾತಿ ಮಾತ್ರ. ಒಂದೇ ಮರದ ಕಣೆಯ ದಪ್ಪವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಬಿರುಸು ಸುಮಾರು ಶೇಕಡ 46ರಷ್ಟು ಏರುತ್ತದೆ. ತೂಕ ಏರುವುದು ಶೇಕಡ 21ರಷ್ಟು ಮಾತ್ರ. ಕಣೆ ಹೆರೆಯುವಾಗ ಕೂದಲೆಳೆಯ ವ್ಯತ್ಯಾಸಕ್ಕೂ ಬೆಲೆಯಿರುವುದು ಇದರಿಂದಲೇ. ಬಿದಿರಿಗೂ ಜೊಂಡಿಗೂ ಈ ಕಸುಬಿನಲ್ಲಿ ಮೊದಲ ಸ್ಥಾನ ಸಿಕ್ಕಿದ್ದಕ್ಕೂ ಕಾರಣ ಸ್ಪಷ್ಟ. ಗಟ್ಟಿ ನಾರು ಹೊರಮೈಯಲ್ಲಿ, ಒಳಗೆ ಟೊಳ್ಳು ಅಥವಾ ಬೆಂಡು: ಕಡಿಮೆ ತೂಕಕ್ಕೆ ಹೆಚ್ಚು ಬಿರುಸು.

ಮೌರ್ಯರ ಕಾಲಕ್ಕೆ ತುಸು ಮೊದಲು ಅಲೆಕ್ಸಾಂಡರನೊಡನೆ ಬಂದ ನಿಯಾರ್ಕಸ್ ಕೊಟ್ಟ ವಿವರವನ್ನು ಆರಿಯನ್ ಎಂಬ ಗ್ರೀಕ್ ಲೇಖಕ ಉಳಿಸಿದ್ದಾನೆ. ಅದರಂತೆ ಭಾರತದ ಕಾಲಾಳುಗಳ ಬಿಲ್ಲು ಆಳುದ್ದವಿತ್ತು. ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು ಹೆದೆಯೆಳೆಯುತ್ತಿದ್ದರು. ಬಾಣ ಮೂರು ಮೊಳಕ್ಕೆ ತುಸು ಕಡಿಮೆ. ಅರ್ಥಶಾಸ್ತ್ರದ ಅಳತೆಗಳ ಅಧ್ಯಾಯದಲ್ಲಿ ಧನುಸ್ಸು ಎಂಬುದು ನೆಲ ಅಳೆಯುವ ಮಾನವೂ ಹೌದು. 24 ಅಂಗುಲದ ಅರತ್ನಿಗಳು ನಾಲ್ಕು ಸೇರಿದರೆ ಒಂದು ಧನುಸ್ಸು. ಆ ಅಂಗುಲವನ್ನು ಇಂದಿನ ಮುಕ್ಕಾಲು ಇಂಚೆಂದು ಹಿಡಿದರೆ 6 ಅಡಿಯಾಗುತ್ತದೆ. ಗ್ರೀಕರ ಆಳುದ್ದದ ಬಿಲ್ಲಿಗೂ ಕೌಟಿಲ್ಯನ ಮಾನಕ್ಕೂ ಹೊಂದಾಣಿಕೆಯಿದೆ. ಸುಮಾರು ಮೂರು ಮೊಳದ ಬಾಣಕ್ಕೆ ಎಂಥ ಬಿರುಸಿನ ಕಣೆ ಬೇಕಾಗುತ್ತಿತ್ತೆಂದು ಮೇಲಿನ ಸೂತ್ರದಿಂದಲೇ ಊಹಿಸಿಕೊಳ್ಳಬಹುದು. ಅಷ್ಟುದ್ದದ ತೆಳು ಮರದ ಕಡ್ಡಿ ಕೆಲಸಕ್ಕೆ ಬಾರದು.

ಕೌಟಿಲ್ಯ ವಸ್ತುಗಳನ್ನು ಹೆಸರಿಸಿ ಮುಂದೆ ಹೋಗುತ್ತಾನೆ. ಹೊಂದಿಸುವುದು ಹೇಗೆಂದು ಹೇಳುವುದಿಲ್ಲ. ಅದು ಅಧ್ಯಕ್ಷನ ಕೆಲಸವಲ್ಲ, ಅವನ ಕೈಕೆಳಗಿನ ಕುಶಲಕರ್ಮಿಯ ಕೆಲಸ. ಆ ಕರ್ಮಿಗೆ ಇಷ್ಟು ಕಾಲದಲ್ಲಿ, ಇಷ್ಟು ವೇತನಕ್ಕೆ, ಇಷ್ಟು ಕೆಲಸವೆಂದು ಗೊತ್ತುಮಾಡಿ ಕೊಡುವುದು ಅಧ್ಯಕ್ಷನ ಹೊಣೆ. ಕರ್ಮಿಯ ಜ್ಞಾನದ ಚೂರುಗಳು ಧನುರ್ವೇದದ ಭಾಗಗಳಲ್ಲಿ ಉಳಿದಿವೆ. 14ನೆಯ ಶತಮಾನದ ಶಾರ್ಙ್ಗಧರ ಪದ್ಧತಿ ಅವುಗಳಲ್ಲೊಂದು. ಮುಂಬಯಿಯಲ್ಲಿ 1888ರಲ್ಲಿಯೇ ಅದು ಅಚ್ಚಾಗಿತ್ತು. ಬಿಲ್ಲು ತನ್ನ ತೋಳಬಲಕ್ಕಿಂತ ಸ್ವಲ್ಪ ಕಡಿಮೆಯದಿರಬೇಕು ಎನ್ನುತ್ತದೆ ಆ ಗ್ರಂಥ. ಕಣೆಯ ಜೊಂಡು ತೀರ ದಪ್ಪವೂ ತೀರ ತೆಳುವೂ ಆಗಿರಬಾರದು, ಕೆಟ್ಟ ನೆಲದಲ್ಲಿ ಬೆಳೆದದ್ದಾಗಿರಬಾರದು, ಸೀಳಿರಬಾರದು. ಗಿಣ್ಣು ತುಂಬಿ, ಚೆನ್ನಾಗಿ ಬಲಿತು, ಬಣ್ಣ ಬಿಳಿಚಿದ ಮೇಲೆ ಸಕಾಲದಲ್ಲಿ ಕಡಿದು ತಂದದ್ದಾಗಿರಬೇಕು. ದಪ್ಪ ಕಿರುಬೆರಳಿನಷ್ಟು, ಉದ್ದ ಎರಡು ಮೊಳಕ್ಕೆ ಒಂದು ಮುಷ್ಟಿ ಕಡಿಮೆ. ಮುಂಭಾಗ ದಪ್ಪವಿರುವ ಬಾಣ ಹೆಣ್ಣು, ದೂರ ಹೋಗುತ್ತದೆ. ಹಿಂಭಾಗ ದಪ್ಪವಿರುವುದು ಗಂಡು, ಗಟ್ಟಿಯಾದುದನ್ನು ಭೇದಿಸುತ್ತದೆ. ಉದ್ದಕ್ಕೂ ಸಮವಾಗಿರುವುದು ನಪುಂಸಕ, ಗುರಿ ಹೊಡೆಯಲು ಉತ್ತಮ. ಹಿಕ್‌ಮನ್ನನ ಕ್ಯಾಮೆರಾ ಬರುವುದಕ್ಕೆ ಶತಮಾನಗಳ ಮೊದಲೇ ಬಿರುಸು ಕಣೆಯ ಯಾವ ಭಾಗದಲ್ಲಿರಬೇಕೆಂಬ ವಿಚಾರ ನಮ್ಮ ಬಿಲ್ಲುಗಾರರಲ್ಲಿ ನಡೆದಿತ್ತೆಂಬುದಕ್ಕೆ ಇದು ಸಾಕ್ಷಿ.

ತಿದ್ದುಪಡಿಗೆ ತೆರೆದಿಟ್ಟ ಪುಸ್ತಕ

ಅರ್ಥಶಾಸ್ತ್ರ ಪ್ರಕಟವಾದೊಡನೆ ಯೂರೋಪಿನಲ್ಲಿ ಚರ್ಚೆ ಭುಗಿಲೆದ್ದಿತು. ಜರ್ಮನಿಯ ಹರ್ಮನ್ ಯಾಕೋಬಿ ಅದು ಚಂದ್ರಗುಪ್ತನ ಮಂತ್ರಿಯದೇ ಎಂಬ ಸಂಪ್ರದಾಯವನ್ನು ಎತ್ತಿಹಿಡಿದರು. ಯೋಲಿ, ವಿಂಟರ್ನಿಟ್ಸ್, ಎ.ಬಿ. ಕೀತ್ ಮೊದಲಾದವರು ಅಷ್ಟು ಹಳೆಯದಲ್ಲವೆಂದರು. ಆ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ಥಾಮಸ್ ಟ್ರೌಟ್‌ಮನ್ 1971ರಲ್ಲಿ ಪದಗಳ ಎಣಿಕೆಯಿಂದ ಗ್ರಂಥದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಕೈಯಿದೆಯೆಂದು ತೋರಿಸಿದರು. ಕಾಲದ ಚರ್ಚೆಯ ಜೊತೆಗೆ ಪಾಠದ ತಪ್ಪುಗಳ ಚರ್ಚೆಯೂ ನಡೆಯಿತು. ಬೇರೆಡೆ ಇನ್ನಷ್ಟು ಪ್ರತಿಗಳು ದೊರೆತವು. ಯೋಲಿ ಮತ್ತು ಶ್ಮಿಟ್ ಅವರ ಆವೃತ್ತಿ ಲಾಹೋರಿನಲ್ಲಿ 1923ರಿಂದಲೂ, ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳ ಆವೃತ್ತಿ 1924ರಿಂದಲೂ ಹೊರಬಂದವು. ಮೈಯರ್ ಅವರ ಜರ್ಮನ್ ಅನುವಾದ 1926ರಲ್ಲಿ ಪ್ರಕಟವಾಯಿತು. ಶಾಮಾಶಾಸ್ತ್ರಿಗಳ ಎಷ್ಟೋ ಅರ್ಥಗಳು ಈ ವಿದ್ವಾಂಸರ ಕೈಯಲ್ಲಿ ತಿದ್ದಲ್ಪಟ್ಟವು.

ಮೊದಲಿಗರ ಪಾಲಿಗೆ ಇದು ಕಹಿ ಅನುಭವ. ತಮ್ಮದೇ ಪಾಠವನ್ನು ಹಟದಿಂದ ಸಮರ್ಥಿಸುತ್ತ ಉಳಿದ ಆಯುಷ್ಯ ಕಳೆದ ಪಂಡಿತರಿಗೆ ನಮ್ಮಲ್ಲಿ ಕೊರತೆಯಿಲ್ಲ. ಶಾಸ್ತ್ರಿಗಳು ಮಾಡಿದ್ದು ಬೇರೆ. 1919ರಲ್ಲಿ ಮೂಲವನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿದರು. ಅನುವಾದವನ್ನೂ ಮುಂದಿನ ಆವೃತ್ತಿಗಳಲ್ಲಿ ತಿದ್ದಿದರು. ಅದಕ್ಕಿಂತ ದೊಡ್ಡ ಕೆಲಸ 1924-25ರಲ್ಲಿ ಮೂರು ಸಂಪುಟಗಳಾಗಿ ಬಂದ ಪದಸೂಚಿ. ಅರ್ಥಶಾಸ್ತ್ರದ ಮುದ್ರಿತ ಪಾಠಗಳಲ್ಲಿ ಯಾವ ಪದ ಎಲ್ಲೆಲ್ಲಿ ಬರುತ್ತದೆಂಬುದನ್ನು ಅಕಾರಾದಿಯಾಗಿ ಜೋಡಿಸಿದ ಈ ಸಂಪುಟಗಳಿಂದ ಯಾವ ವಿದ್ವಾಂಸರಾದರೂ ಶಾಸ್ತ್ರಿಗಳ ಒಂದೊಂದು ಅರ್ಥವನ್ನೂ ಪರೀಕ್ಷೆಗೊಡ್ಡಬಹುದಾಗಿತ್ತು. ಗಣಕಯಂತ್ರವಿಲ್ಲದ ಕಾಲದಲ್ಲಿ ಕೈಯಿಂದ ಚೀಟಿ ಬರೆದು ಜೋಡಿಸಬೇಕಾದ, ಹೆಸರು ತಾರದ ದುಡಿಮೆಯಿದು. ಅನುವಾದವನ್ನು ಬಲ್ಲವರಲ್ಲಿ ಹೆಚ್ಚಿನವರಿಗೆ ಪದಸೂಚಿಯ ವಿಷಯ ಗೊತ್ತಿಲ್ಲ. ಅವರ ವಿದ್ವತ್ತಿನ ಪ್ರಾಮಾಣಿಕತೆ ಎದ್ದು ಕಾಣುವುದು ಮಾತ್ರ ಅಲ್ಲಿಯೇ. ಮುಂದೆ 1960ರಿಂದ 65ರವರೆಗೆ ಮೂರು ಸಂಪುಟಗಳಲ್ಲಿ ಆರ್.ಪಿ. ಕಾಂಗಳೆ ಅವರ ಪರಿಷ್ಕೃತ ಪಾಠ, ಅನುವಾದ, ಅಧ್ಯಯನಗಳು ಮುಂಬಯಿಯಿಂದ ಪ್ರಕಟವಾದಾಗ ಅವರ ಮುಂದೆ ಹಲವು ಪ್ರತಿಗಳಿದ್ದವು, ಹಲವು ಟೀಕೆಗಳಿದ್ದವು. ಶಾಸ್ತ್ರಿಗಳು ಹೊರಟಾಗ ಇದ್ದದ್ದು ಒಂದು ಕಟ್ಟು.

ಕನ್ನಡದ ಕೆಲಸ

ಅರ್ಥಶಾಸ್ತ್ರದ ನಂತರ ಹುದ್ದೆಗಳೂ ಗೌರವಗಳೂ ಬಂದವು. 1912ರಿಂದ 1918ರವರೆಗೆ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಪ್ರಾಂಶುಪಾಲರಾಗಿದ್ದರು. ಆ ಹೊತ್ತಿಗೆ ಓರಿಯೆಂಟಲ್ ಲೈಬ್ರರಿ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅದರ ಕ್ಯುರೇಟರ್ ಆಗಿ 1918ರಲ್ಲಿ ಮೈಸೂರಿಗೆ ಮರಳಿದರು. ಆರ್. ನರಸಿಂಹಾಚಾರ್ಯರ ತರುವಾಯ ಪುರಾತತ್ವ ಇಲಾಖೆಯ ನಿರ್ದೇಶಕರಾಗಿ 1922ರಿಂದ ಕೆಲವು ವರ್ಷ ಶಾಸನಗಳ ಹೊಣೆಯನ್ನೂ ಹೊತ್ತರು. ಅವರ ನಂತರ ಆ ಸ್ಥಾನಕ್ಕೆ ಬಂದವರು ಎಂ.ಎಚ್. ಕೃಷ್ಣ. ಅಶುತೋಷ್ ಮುಖರ್ಜಿಯವರ ಕಾಲದ ಕಲ್ಕತ್ತಾ ವಿಶ್ವವಿದ್ಯಾನಿಲಯ ಶಾಸ್ತ್ರಿಗಳನ್ನು ಉಪನ್ಯಾಸಕ್ಕೆ ಕರೆಸಿಕೊಂಡಿತು. ಆ ಉಪನ್ಯಾಸಗಳು ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸದ ಕುರಿತು 1920ರಲ್ಲಿ ಪುಸ್ತಕವಾದವು. 1921ರಲ್ಲಿ ಅದೇ ವಿಶ್ವವಿದ್ಯಾನಿಲಯ ಡಾಕ್ಟರೇಟ್ ನೀಡಿತು. ಮಹಾಮಹೋಪಾಧ್ಯಾಯ ಬಿರುದೂ ಅವರದಾಯಿತು.

ಕನ್ನಡದ ಓದುಗರು ಮರೆತಿರುವ ಇನ್ನೊಂದು ಸಂಗತಿಯಿದೆ. ಗ್ರಂಥಸಂಪಾದನೆಯಲ್ಲಿ ಶಾಸ್ತ್ರಿಗಳು ಕನ್ನಡಕ್ಕೂ ಕೈಹಾಕಿದರು. ನಯಸೇನನ ಧರ್ಮಾಮೃತ, ಲಿಂಗಣ್ಣ ಕವಿಯ ಕೆಳದಿನೃಪವಿಜಯ, ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ ಅವರ ಸಂಪಾದನೆಯಲ್ಲಿ ಬೆಳಕು ಕಂಡವು. ಕೊನೆಯದು ಮೈಸೂರಿನ ದೊರೆ ರಣಧೀರ ಕಂಠೀರವನ ಚರಿತ್ರೆ ಹೇಳುವ ಕಾವ್ಯ. ಶ್ರೀರಂಗಪಟ್ಟಣದ ಅಂದಿನ ಮಹಾನವಮಿಯ ವೈಭವವನ್ನು ತಿಳಿಯಬಯಸುವವರು ಇಂದಿಗೂ ಅದರ ಮೊರೆ ಹೋಗಬೇಕು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಅಭಿಲಷಿತಾರ್ಥ ಚಿಂತಾಮಣಿಯ ಮೊದಲ ಭಾಗವೂ 1926ರಲ್ಲಿ ಮೈಸೂರಿನಿಂದ ಶಾಸ್ತ್ರಿಗಳ ಸಂಪಾದನೆಯಲ್ಲಿಯೇ ಬಂತು. ಮಾನಸೋಲ್ಲಾಸವೆಂದೂ ಕರೆಯುವ ಈ 12ನೆಯ ಶತಮಾನದ ಸಂಸ್ಕೃತ ಗ್ರಂಥ ಅಡುಗೆಯಿಂದ ಆನೆಯವರೆಗೆ ಅರಸನ ಬದುಕಿನ ಸಮಸ್ತವನ್ನೂ ಹೇಳುತ್ತದೆ. ಮುಂದಿನ ಭಾಗದಲ್ಲಿ ಶಸ್ತ್ರವಿನೋದವೂ ಇದೆ. ಕನ್ನಡ ನಾಡಿನ ಅರಸನೊಬ್ಬ ಆಯುಧಗಳ ಬಗ್ಗೆ ಬರೆದದ್ದನ್ನು ಅರ್ಥಶಾಸ್ತ್ರದ ಆಯುಧಾಗಾರದ ಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ದಾರಿ ತೆರೆದವರಲ್ಲಿಯೂ ಶಾಸ್ತ್ರಿಗಳು ಮೊದಲಿಗರು. ಆ ದಾರಿಯಲ್ಲಿ ನಡೆದ ಕನ್ನಡಿಗರು ಹೆಚ್ಚಿಲ್ಲವೆಂಬುದು ಬೇರೆ ಮಾತು.

ಮೈಸೂರಿನಲ್ಲಿ ಹಿರಿಯರು ಹೇಳುವ ಕಥೆಯೊಂದು ಇಂದಿಗೂ ಕಿವಿಗೆ ಬೀಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋಗಿದ್ದಾಗ ಅಲ್ಲಿನ ವಿದ್ವಾಂಸರೊಬ್ಬರು, ಶಾಮಾಶಾಸ್ತ್ರಿಗಳಿರುವ ಮೈಸೂರಿನಿಂದ ಬಂದವರೇ ಎಂದು ಮಹಾರಾಜರನ್ನು ವಿಚಾರಿಸಿದರಂತೆ. ಹಿಂತಿರುಗಿದ ಮಹಾರಾಜರು ಶಾಸ್ತ್ರಿಗಳನ್ನು ಕರೆಸಿ, ಮೈಸೂರಿನಲ್ಲಿ ತಾವು ಅರಸರಾದರೂ ಆ ದೇಶದಲ್ಲಿ ತಮ್ಮನ್ನು ಗುರುತಿಸುವುದು ಶಾಸ್ತ್ರಿಗಳ ಹೆಸರಿನಿಂದ ಎಂದು ಮೆಚ್ಚುಗೆ ಸೂಚಿಸಿದರಂತೆ. ಕಥೆಗೆ ರೆಕ್ಕೆಪುಕ್ಕ ಎಷ್ಟು ಸೇರಿದೆಯೋ, ಜರ್ಮನ್ ವಿದ್ವಾಂಸರ ನಡುವೆ ಶಾಸ್ತ್ರಿಗಳಿಗಿದ್ದ ಹೆಸರಂತೂ ನಿಜ.

ಹುಳು, ತೇವ, ಕಾವು

ಆಯುಧಾಗಾರದ ಅಧ್ಯಾಯದಲ್ಲಿ ಶಸ್ತ್ರಗಳನ್ನು ಕಾಪಾಡುವ ಕ್ರಮವೂ ಇದೆ. ಅಧ್ಯಕ್ಷನು ಅವುಗಳನ್ನು ಆಗಾಗ ಸ್ಥಳ ಬದಲಿಸಿ, ಬಿಸಿಲು ಗಾಳಿಗೆ ಒಡ್ಡಬೇಕು. ಕಾವು, ತೇವ, ಹುಳುಗಳಿಂದ ಕೆಡುವಂಥವನ್ನು ಬೇರೆಡೆ ಇಡಬೇಕು. ಪ್ರತಿಯೊಂದನ್ನೂ ಅದರ ಜಾತಿ, ರೂಪ, ಲಕ್ಷಣ, ಅಳತೆ, ಬಂದ ಮೂಲ, ಬೆಲೆ, ಇಟ್ಟಿರುವ ಜಾಗಗಳಿಂದ ಗುರುತಿಸಿಕೊಂಡಿರಬೇಕು. ಬಿದಿರಿನ ಕಣೆಯ ಬಿರುಸು ತೇವ ಕುಡಿದರೆ ತಗ್ಗುತ್ತದೆ, ಹುಳು ಕೊರೆದರೆ ಹೊರಗೆ ಕಾಣದಂತೆ ಮುರಿಯುತ್ತದೆ. ಯುದ್ಧದ ದಿನ ಹೊಂದಾಣಿಕೆ ತಪ್ಪದಿರಬೇಕಾದರೆ ವರ್ಷವಿಡೀ ಉಗ್ರಾಣ ಒಣಗಿರಬೇಕು.

ಈ ಸಾಲುಗಳನ್ನು ಓದುವ ಗ್ರಂಥಪಾಲಕನಿಗೆ ತನ್ನ ಕೋಣೆ ನೆನಪಾಗದಿರದು. ಓಲೆಗರಿಗೂ ಶತ್ರುಗಳು ಅವೇ ಮೂರು, ಪಟ್ಟಿಗೆ ಸೇರಿಸುವ ಕ್ರಮವೂ ಹೆಚ್ಚುಕಡಿಮೆ ಅದೇ. ಓಲೆಗರಿಗಳಿಗೆ ಸುವಾಸನೆಯ ಹುಲ್ಲಿನ ಎಣ್ಣೆ ಸವರಿ ಹುಳುವಿನಿಂದ ಕಾಪಾಡುವ ಪದ್ಧತಿ ಮೈಸೂರಿನ ಸಂಗ್ರಹದಲ್ಲಿ ರೂಢಿಯಲ್ಲಿದೆ. ಕೌಟಿಲ್ಯ ಬಿಲ್ಲಿಗೆ ಹೇಳಿದ ವಸ್ತುಗಳಲ್ಲಿ ಮೊದಲನೆಯದು ತಾಳೆ. ಅದೇ ಕುಲದ ಮರದ ಗರಿಯ ಮೇಲೆ ಅವನ ಗ್ರಂಥ ಉಳಿದು ಬಂತು.

ಕೊನೆಯ ವರ್ಷಗಳಲ್ಲಿ ಶಾಸ್ತ್ರಿಗಳ ಗಮನ ವೇದಕಾಲದ ಕಾಲಗಣನೆಯ ಕಡೆಗೆ ಹೊರಳಿತು. ಗವಾಮಯನದ ಕುರಿತು 1908ರಲ್ಲಿಯೇ ಬರೆದಿದ್ದ ಅವರು ಗ್ರಹಣಗಳ ಆವರ್ತದ ಮೇಲೆ ದ್ರಪ್ಸ ಎಂಬ ಪುಸ್ತಕವನ್ನು 1938ರಲ್ಲಿ ಪ್ರಕಟಿಸಿದರು. ಈ ಬರಹಗಳ ಸಿದ್ಧಾಂತಗಳಿಗೆ ಅರ್ಥಶಾಸ್ತ್ರದಷ್ಟು ಮನ್ನಣೆ ದೊರೆಯಲಿಲ್ಲ. 1943ರಲ್ಲಿ ಗ್ರಂಥಾಲಯ ತನ್ನ ಹೆಸರನ್ನು ಬದಲಿಸಿಕೊಂಡು ಪ್ರಾಚ್ಯವಿದ್ಯಾ ಸಂಶೋಧನಾಲಯವಾಯಿತು. ಮರುವರ್ಷ, 1944ರ ಜನವರಿ 23ರಂದು ಶಾಮಾಶಾಸ್ತ್ರಿಗಳು ನಿಧನರಾದರು. ತಂಜಾವೂರಿನ ಕಟ್ಟು ಮೈಸೂರಿನ ಆ ಸಂಗ್ರಹದಲ್ಲಿಯೇ ಇದೆ.